ಎಳ್ಳಮಾವಾಸ್ಯೆಯ ರಾತ್ರಿ ತೊಂಬತ್ತರ ದಶಕದ ಯಾವ ಸಿನಿಮಾ ಹಾಕೋಣ?

ಭೀಮಾದಂಡೆ:
ಎಲ್ಲರಿಗೂ ಶರಣು. ಜೇವರ್ಗಿ ತಾಲ್ಲೂಕಿನ ನಮ್ಮೂರಿನ ಪ್ರೌಢಶಾಲೆಯಲ್ಲಿ 1996ರಲ್ಲಿ ಹತ್ತನೆಯ ತರಗತಿ ಮುಗಿಸಿದ 31 ಮಂದಿ ಈ ಸಲದ ಎಳ್ಳಮಾವಾಸ್ಯೆಗೆ ಊರಿನಲ್ಲಿ ಸೇರುವುದೆಂದು ನಿಶ್ಚಯಿಸಿದ್ದೇವೆ. ಹಗಲು ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಊಟ ಮುಗಿಸಿ, ರಾತ್ರಿ ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿ ನಮ್ಮ ಕಾಲದ ಒಂದು ಕನ್ನಡ ಸಿನಿಮಾ ನೋಡಬೇಕೆಂಬುದು ಎಲ್ಲರ ಆಸೆ. ಅಮಾವಾಸ್ಯೆಯ ಕತ್ತಲು ಪರದೆಗೂ ಒಳ್ಳೆಯದು.

ತಕರಾರು ಇರುವುದು ಸಿನಿಮಾದ ಆಯ್ಕೆಯಲ್ಲಿ. ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ‘ದಶಕದ ಶ್ರೇಷ್ಠ ಚಿತ್ರಗಳು’ ಎಂದು ಒಂದು ಪಟ್ಟಿ ಕಳುಹಿಸಿದ್ದಾನೆ. ಅದರಲ್ಲಿ ಅರ್ಧದಷ್ಟು ಚಿತ್ರಗಳು ನಮ್ಮೂರಿನ ಟೆಂಟಿಗೆ ಬಂದದ್ದೇ ಇಲ್ಲ. ಆದ್ದರಿಂದ ನನ್ನ ಷರತ್ತು ಒಂದೇ: ಆ ಕಾಲದಲ್ಲಿ ನಮ್ಮ ಭಾಗದ ಜನ ನಿಜವಾಗಿಯೂ ನೋಡಿದ ಚಿತ್ರವಾಗಿರಬೇಕು. ಸದ್ಯಕ್ಕೆ ಉಳಿದಿರುವ ಹೆಸರುಗಳು ಜೀವನಚೈತ್ರ, ಹಳ್ಳಿಮೇಷ್ಟ್ರು, ಓಂ ಮತ್ತು ಜನುಮದ ಜೋಡಿ. ನೀವು ಯಾವುದನ್ನು ಹೇಳುತ್ತೀರಿ?

ಗಂಜ್ ಗಲ್ಲಿ:
ಓಂ. ಇದರಲ್ಲಿ ಚರ್ಚೆಗೆ ಏನಿದೆ? 1996ರಲ್ಲಿ ಬಿಡುಗಡೆಯಾದ ಆ ಚಿತ್ರವನ್ನು ನಾನು ಕಲಬುರಗಿಯಲ್ಲಿ ಏಳು ಸಲ ನೋಡಿದ್ದೇನೆ.

ವಾಡಿ ಜಂಕ್ಷನ್:
ಏಳು ಸಲ ನೋಡಿದರೂ ವರ್ಷ ತಪ್ಪಿದ್ದೀರಿ ಅಣ್ಣಾ. ಓಂ ಬಿಡುಗಡೆಯಾದದ್ದು 1995ರ ಮೇ ತಿಂಗಳಲ್ಲಿ.

ಗಂಜ್ ಗಲ್ಲಿ:
ಬೆಂಗಳೂರಿನಲ್ಲಿ 1995 ಇರಬಹುದು. ನಾನು ನೋಡಿದ್ದು 1996ರಲ್ಲಿಯೇ, ನಮ್ಮ ಅಕ್ಕನ ಮದುವೆಯಾದ ವರ್ಷ. ನಮ್ಮ ಕಡೆ ಕನ್ನಡ ಸಿನಿಮಾ ಬರುವ ಹೊತ್ತಿಗೆ ಅದರ ಪೋಸ್ಟರಿನ ಬಣ್ಣವೂ ಮಾಸಿರುತ್ತಿತ್ತು ಎಂಬುದನ್ನು ನೀವು ಮರೆತಂತಿದೆ.

ಚೌಬಾರಾ ಚಹಾ:
ಬೀದರಿನವನಾಗಿ ಒಂದು ಮಾತು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ತೊಂಬತ್ತರ ದಶಕ ಎಂದರೆ ನಮ್ಮ ಓಣಿಯಲ್ಲಿ ಸಾಜನ್, ಬಾಜಿಗರ್, ಹಮ್ ಆಪ್ಕೆ ಹೈ ಕೌನ್. ಶುಕ್ರವಾರ ಹೈದರಾಬಾದಿನಲ್ಲಿ ಬಂದ ಹಿಂದಿ ಸಿನಿಮಾ ಹೆಚ್ಚು ತಡವಿಲ್ಲದೆ ನಮ್ಮಲ್ಲಿಗೂ ಬರುತ್ತಿತ್ತು. ಕನ್ನಡ ಸಿನಿಮಾ ಬಂತೆಂದರೆ ಅದು ಬೆಳಗಿನ ಆಟಕ್ಕೆ, ಅದೂ ಮೂರು ದಿನ. ‘ನಮ್ಮ ಭಾಗದ ಜನ ನಿಜವಾಗಿ ನೋಡಿದ ಚಿತ್ರ’ ಎಂಬ ಷರತ್ತನ್ನು ಪ್ರಾಮಾಣಿಕವಾಗಿ ಪಾಲಿಸುವುದಾದರೆ ನೀವು ಹಿಂದಿ ಸಿನಿಮಾವನ್ನೇ ಹಾಕಬೇಕಾಗುತ್ತದೆ.

ಭೀಮಾದಂಡೆ:
ಸಾಹೇಬರೆ, ಬೀದರಿನ ಮಾತು ಬೇರೆ, ನಮ್ಮ ಹಳ್ಳಿಯ ಮಾತು ಬೇರೆ. ಜಾತ್ರೆಯ ಟೆಂಟಿನಲ್ಲಿ ನಾವು ನೋಡಿದ್ದು ಕನ್ನಡವನ್ನೇ.

ಹಳೇ ಆಪರೇಟರ್:
ಇದಕ್ಕೆ ಕಾರಣವಿದೆ, ಬಹಳ ಜನರಿಗೆ ಅದು ಗೊತ್ತಿಲ್ಲ. ನಾನು 1988ರಿಂದ ಹದಿನಾರು ವರ್ಷ ಕಲಬುರಗಿಯ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸಿದವನು. ಹಿಂದಿ ಸಿನಿಮಾ ವಿತರಣೆಯ ಲೆಕ್ಕದಲ್ಲಿ ಗುಲಬರ್ಗಾ, ಬೀದರ್, ರಾಯಚೂರು ಇವತ್ತಿಗೂ ‘ನಿಜಾಂ’ ಏರಿಯಾ. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿಯಿತು, 1956ರಲ್ಲಿ ನಾವು ಕರ್ನಾಟಕಕ್ಕೆ ಸೇರಿದೆವು. ಆದರೂ ಸಿನಿಮಾದವರ ನಕ್ಷೆ ಬದಲಾಗಲಿಲ್ಲ. ಹೀಗಾಗಿ ಹಿಂದಿಯ ಡಬ್ಬಾ ಹೈದರಾಬಾದಿನಿಂದ ಬೇಗ ಬರುತ್ತಿತ್ತು. ಕನ್ನಡದ ಡಬ್ಬಾ ಮಾತ್ರ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಡೆ ತಿರುಗಾಡಿ, ಅಲ್ಲಿ ಕಲೆಕ್ಷನ್ ಇಳಿದ ಮೇಲೆ ನಮ್ಮತ್ತ ಮುಖ ಮಾಡುತ್ತಿತ್ತು.

ಬಂದ ಡಬ್ಬಾ ತೆರೆದರೆ ಒಳಗಿನ ರೀಲಿನ ಸ್ಥಿತಿ ನೋಡಲಾಗುತ್ತಿರಲಿಲ್ಲ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತದೆ, ಎರಡೂವರೆ ಗಂಟೆಯ ಸಿನಿಮಾಕ್ಕೆ ಹದಿನಾಲ್ಕು ರೀಲು ಬೇಕು. ಪ್ರತಿ ಊರಿನಲ್ಲಿಯೂ ಅದು ಎಲ್ಲೋ ಒಂದು ಕಡೆ ತುಂಡಾಗಿರುತ್ತಿತ್ತು. ತುಂಡಾದಾಗ ಬ್ಲೇಡಿನಿಂದ ಅಂಚನ್ನು ಕೆರೆದು, ಫಿಲಂ ಸಿಮೆಂಟ್ ಹಚ್ಚಿ, ಬೆರಳಿನಿಂದ ಒತ್ತಿ ಹಿಡಿದು ಜೋಡಿಸುತ್ತಿದ್ದೆವು. ಒಂದು ಜೋಡಣೆಗೆ ಎರಡೋ ಮೂರೋ ಫ್ರೇಮು ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮು ಓಡುವುದರಿಂದ ಒಂದು ಜೋಡಣೆ ಕಣ್ಣಿಗೆ ತಿಳಿಯುವುದಿಲ್ಲ, ಆದರೆ ನಲವತ್ತು ಊರು ದಾಟಿ ಬಂದ ಪ್ರಿಂಟಿನಲ್ಲಿ ನಾಯಕ ಬಾಗಿಲ ಬಳಿ ನಿಂತವನು ಮರುಕ್ಷಣ ಮಂಚದ ಮೇಲೆ ಕುಳಿತಿರುತ್ತಿದ್ದ. ಜನ ನನ್ನ ಕಡೆ ತಿರುಗಿ ಬೈಯುತ್ತಿದ್ದರು. ‘ಏ ಆಪರೇಟರ್, ಹಾಡು ಕಟ್ ಮಾಡಿ ಮನಿಗಿ ಹೊಂಟೀಯೇನು?’ ಎಂಬ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಒಂದು ಹಾಡನ್ನೂ ಕತ್ತರಿಸಿದವನಲ್ಲ ಎಂದು ಈಗಲಾದರೂ ಹೇಳಿಕೊಳ್ಳುತ್ತಿದ್ದೇನೆ.

ಯಾದಗಿರಿ ಗುಡ್ಡ:
ಆ ಕೂಗು ಹಾಕಿದವರಲ್ಲಿ ನಾನೂ ಒಬ್ಬನಿರಬಹುದು. ಕ್ಷಮೆ ಇರಲಿ ಕಾಕಾ. ನೀವು ಕಿಟಕಿಯಿಂದ ಬಿಸಾಡುತ್ತಿದ್ದ ಫಿಲಂ ತುಂಡುಗಳೇ ನಮ್ಮ ಆಸ್ತಿಯಾಗಿದ್ದವು. ಕೆಟ್ಟ ಬಲ್ಬಿನ ಹಿಂಭಾಗ ಒಡೆದು, ನೀರು ತುಂಬಿ ಮಸೂರ ಮಾಡಿಕೊಂಡು, ಬಾಗಿಲ ಸಂದಿಯಿಂದ ಕನ್ನಡಿಯಲ್ಲಿ ಬಿಸಿಲು ಹಾಯಿಸಿ, ಮುತ್ಯಾನ ಧೋತರದ ಮೇಲೆ ಮಾಲಾಶ್ರೀಯನ್ನು ನಿಲ್ಲಿಸುತ್ತಿದ್ದೆವು. ಬಿಂಬ ತಲೆಕೆಳಗಾಗಿ ಬೀಳುತ್ತದೆಂದು ಫಿಲಮನ್ನೇ ತಿರುಗಿಸಿ ಹಿಡಿಯುವುದನ್ನು ಕಲಿತದ್ದು ಶಾಲೆಯ ವಿಜ್ಞಾನದ ಪಾಠಕ್ಕಿಂತ ಎರಡು ವರ್ಷ ಮೊದಲು. ಒಂದು ದಿನ ಮುತ್ಯಾ ಆ ಧೋತರವನ್ನು ಹುಡುಕಿಕೊಂಡು ಬಂದದ್ದು ಬೇರೆ ಕಥೆ.

ಸೇಡಂ ಕಲ್ಲು:
ಸೇಡಂ, ಗುರುಮಠಕಲ್, ಚಿಂಚೋಳಿಯ ಕಡೆಯವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮಲ್ಲಿ ತೆಲುಗು ಸಿನಿಮಾದ್ದೇ ದರ್ಬಾರು. ನಾನು ಮೊದಲು ನೋಡಿದ್ದು ವೆಂಕಟೇಶ್ ಅವರ ಚಂಟಿ. ಅದಾದ ಮೇಲೆ ರಾಮಾಚಾರಿ ನೋಡಿದಾಗ ‘ರವಿಚಂದ್ರನ್ ತೆಲುಗಿನಿಂದ ಕದ್ದಿದ್ದಾರೆ’ ಎಂದು ಹೇಳಿ ಗೆಳೆಯರ ಜೊತೆ ಜಗಳಕ್ಕೆ ಬಿದ್ದಿದ್ದೆ.

ಗಂಜ್ ಗಲ್ಲಿ:
ರಾಮಾಚಾರಿ 1991ರ ಚಿತ್ರ, ಚಂಟಿ 1992ರದ್ದು. ಮೊದಲು ಬಂದದ್ದು ನಮ್ಮದು. ಕದ್ದವರು ಅವರು.

ವಾಡಿ ಜಂಕ್ಷನ್:
ಇಬ್ಬರೂ ತಪ್ಪು. ಮೂಲ ಕಥೆ ತಮಿಳಿನ ಚಿನ್ನತಂಬಿ, ಅದೂ 1991ರದ್ದೇ. ಅದನ್ನು ಹಣ ಕೊಟ್ಟು ಕನ್ನಡಕ್ಕೆ, ತೆಲುಗಿಗೆ ತಂದರು, 1993ರಲ್ಲಿ ಅದೇ ವೆಂಕಟೇಶ್ ಅನಾಡಿ ಎಂಬ ಹೆಸರಿನಲ್ಲಿ ಹಿಂದಿಯಲ್ಲಿಯೂ ಮಾಡಿದರು. ನಮ್ಮ ಭಾಗದಲ್ಲಿ ಒಂದೇ ಕಥೆಯನ್ನು ಮೂರು ಭಾಷೆಯಲ್ಲಿ ಮೂರು ಸಲ ದುಡ್ಡು ಕೊಟ್ಟು ನೋಡಿದ ದಾನಶೂರರಿದ್ದಾರೆ. ನಮ್ಮ ಮಾವನವರು ಅವರಲ್ಲಿ ಒಬ್ಬರು. ಅವರ ಪ್ರಕಾರ ಮೂರರಲ್ಲಿ ಕನ್ನಡದ್ದೇ ಉತ್ತಮ, ಏಕೆಂದರೆ ಅದರಲ್ಲಿ ಹಂಸಲೇಖ ಇದ್ದಾರೆ.

ಚೌಬಾರಾ ಚಹಾ:
ರೀಮೇಕ್ ವಿಷಯ ಬಂದಿತಲ್ಲ, ಕನ್ನಡದವರು ಬರೀ ತಂದವರು ಎಂಬ ಮಾತನ್ನು ನಾನೂ ನಂಬಿದ್ದೆ. 1994ರಲ್ಲಿ ಅನಿಲ್ ಕಪೂರ್, ಶ್ರೀದೇವಿಯವರ ಲಾಡ್ಲಾ ನೋಡಿ ನಮ್ಮ ಇಡೀ ಕಾಲೇಜು ಮೆಚ್ಚಿತ್ತು. ಅದಕ್ಕೆ ಎರಡು ವರ್ಷ ಮೊದಲು ಚಿರಂಜೀವಿಯವರ ಘರಾನಾ ಮೊಗುಡು ನೋಡಿಯೂ ಕುಣಿದಿದ್ದೆವು. ಎರಡಕ್ಕೂ ಮೂಲ ಡಾ. ರಾಜ್‌ಕುಮಾರ್ ಅವರ 1986ರ ಅನುರಾಗ ಅರಳಿತು ಎಂಬುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ನಮ್ಮ ಮನೆಯ ಕಥೆಯನ್ನು ಹೈದರಾಬಾದಿನ ದಾರಿಯಲ್ಲಿ ಸುತ್ತಿಸಿ ನಮಗೇ ತಂದು ತೋರಿಸಿದಂತಾಯಿತು.

ಗಂಜ್ ಗಲ್ಲಿ:
ಹಾಗೆಯೇ ಓಂ ಕೂಡ ತೆಲುಗಿನಲ್ಲಿ ಓಂಕಾರಂ ಆಯಿತು, ಹಿಂದಿಯಲ್ಲಿ ಅರ್ಜುನ್ ಪಂಡಿತ್ ಆಯಿತು. ಇಷ್ಟಾದರೂ ಓಂ ಹಾಕಲು ನಿಮಗೆ ಸಂಕೋಚವೇಕೆ?

ನಿವೃತ್ತ ಮೇಷ್ಟ್ರು:
ಸಂಕೋಚವಿದೆ, ತಮ್ಮಾ. ಬೆಂಗಳೂರಿನ ಭೂಗತಲೋಕದ ನಿಜವಾದ ಮಂದಿಯನ್ನೇ ಅಲ್ಲಲ್ಲಿ ತೆರೆಯ ಮೇಲೆ ತಂದ ಚಿತ್ರ ಅದು. ಉಪೇಂದ್ರ ಅವರ ಜಾಣ್ಮೆಯ ಬಗ್ಗೆ ನನಗೆ ಎರಡು ಮಾತಿಲ್ಲ, ಕಥೆಯನ್ನು ಹಿಂದುಮುಂದಾಗಿಸಿ ಹೇಳಿದ ಆ ಬಗೆ ಕನ್ನಡಕ್ಕೆ ಹೊಸದಾಗಿತ್ತು. ಆದರೆ ಆ ವರ್ಷ ನನ್ನ ತರಗತಿಯಲ್ಲಿ ಹದಿನೈದು ಹುಡುಗರು ಗಡ್ಡ ಬರುವ ಮೊದಲೇ ಗಡ್ಡ ಬಿಡಲು ಹೊರಟಿದ್ದರು. ಊರಿನ ಬಯಲಿನಲ್ಲಿ ಮಕ್ಕಳು ಮರಿ ಕೂಡಿದಾಗ ಹಾಕುವುದಾದರೆ ನನ್ನ ಮತ ಜೀವನಚೈತ್ರಕ್ಕೆ. ಮೂರು ವರ್ಷ ಬಣ್ಣ ಹಚ್ಚದಿದ್ದ ರಾಜ್‌ಕುಮಾರ್ 1992ರಲ್ಲಿ ಮರಳಿ ಬಂದ ಚಿತ್ರವದು. ಅದರಲ್ಲಿ ಹಾಡಿದ್ದಕ್ಕೆ ಅವರಿಗೆ ಶ್ರೇಷ್ಠ ಗಾಯಕರೆಂದು ರಾಷ್ಟ್ರಪ್ರಶಸ್ತಿ ಬಂತು. ಎಲ್ಲಕ್ಕಿಂತ ಮುಖ್ಯವಾಗಿ ಅದು ಸಾರಾಯಿಯ ವಿರುದ್ಧ ಮಾತನಾಡಿದ ಚಿತ್ರ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲು ಟೆಂಟಿನಲ್ಲಿ ಆ ಚಿತ್ರ ನೋಡಿದ ಹೆಣ್ಣುಮಕ್ಕಳು ಸುಮ್ಮನೆ ಎದ್ದು ಮನೆಗೆ ಹೋದದ್ದನ್ನು ನಾನು ಕಂಡಿದ್ದೇನೆ. ಅಂದು ಯಾರೂ ದಾರಿಯಲ್ಲಿ ಹಾಡು ಗುನುಗಲಿಲ್ಲ.

ಭಾಲ್ಕಿ ಬಸ್‌ಸ್ಟ್ಯಾಂಡ್:
ಗುರುಗಳೇ, ಅದೇ ಟೆಂಟಿನ ಹಿಂದೆ ಸಾರಾಯಿ ಅಂಗಡಿ ಇರುತ್ತಿತ್ತು. ಇಂಟರ್ವಲ್ ಆದ ಮೇಲೆ ಗಂಡಸರ ಕಡೆಯ ಅರ್ಧ ಜಾಗ ಖಾಲಿಯಾಗಿರುತ್ತಿತ್ತು.

ಸುರಪುರದ ಸೊಸೆ:
ಇಲ್ಲಿಯವರೆಗೆ ಬರೆದವರೆಲ್ಲ ಗಂಡಸರೇ ಇರಬೇಕು, ಏಕೆಂದರೆ ಎಲ್ಲರೂ ‘ನೋಡಿದೆ’ ಎಂದೇ ಬರೆದಿದ್ದೀರಿ. ನಾವು ಸಿನಿಮಾ ನೋಡಲಿಲ್ಲ, ಕೇಳಿದೆವು.

ನಾನು 1997ರಲ್ಲಿ ಮದುವೆಯಾಗಿ ಸುರಪುರಕ್ಕೆ ಬಂದಾಗ ಈ ಮನೆಯ ಸೊಸೆಯಂದಿರು ಟಾಕೀಸಿಗೆ ಹೋಗುವ ಪದ್ಧತಿ ಇರಲಿಲ್ಲ. ನಾದಿನಿ ಮಾತ್ರ ಗೆಳತಿಯರ ಜೊತೆ ಹೋಗಿ ಜನುಮದ ಜೋಡಿ ನೋಡಿಬಂದಿದ್ದಳು. ಮರುದಿನ ಮಧ್ಯಾಹ್ನ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಕುಳಿತ ನಮಗೆ ಅವಳು ಇಡೀ ಕಥೆಯನ್ನು ಹೇಳಿದಳು. ಹಾಡು ಬಂದಾಗ ಹಾಡಿ, ಜಗಳ ಬಂದಾಗ ಮೊರ ಬಡಿದು, ಶಿವರಾಜ್‌ಕುಮಾರ್ ಬಳೆಗಾರನಾಗಿ ಬರುವ ಭಾಗಕ್ಕೆ ತನ್ನ ಕೈಯ ಬಳೆಯನ್ನೇ ಗಲಗಲ ಎನಿಸುತ್ತಿದ್ದಳು. ಕಥೆ ಮೂರು ಮಧ್ಯಾಹ್ನ ನಡೆಯಿತು. ಅತ್ತೆಯವರು ಒಳಗಿನಿಂದ ‘ಬ್ಯಾಳಿ ಹಸನ ಆಗ್ಲತ್ತಾವೋ, ಇಲ್ಲೋ?’ ಎಂದು ಕೇಳುತ್ತಿದ್ದವರು ಮೂರನೆಯ ದಿನ ತಾವೇ ಹೊರಗೆ ಬಂದು ಕುಳಿತರು.

ಮುಂದೆ ಎಷ್ಟೋ ವರ್ಷಕ್ಕೆ ಮನೆಯಲ್ಲಿ ಉದಯ ಟಿವಿ ಬಂದ ಮೇಲೆ ಆ ಸಿನಿಮಾ ನೋಡಿದೆ. ನಾಯಕಿ ತವರಿನ ಬಾವಿಗೆ ಕೊಡ ಬಿಟ್ಟು ‘ನೀನಾದರೂ ತುಂಬಿ ಬಾ’ ಎಂದು ಹೇಳುವ ಒಂದು ದೃಶ್ಯಕ್ಕಾಗಿ ಕೊನೆಯವರೆಗೆ ಕಾಯ್ದೆ. ಅಂತಹ ದೃಶ್ಯ ಅದರಲ್ಲಿ ಇರಲೇ ಇಲ್ಲ. ನಾದಿನಿ ಅದನ್ನು ತನ್ನ ಕಡೆಯಿಂದ ಸೇರಿಸಿದ್ದಳು. ಕೇಳಿದರೆ, ‘ವೈನಿ, ಅಲ್ಲಿ ಅದು ಇರಬೇಕಾಗಿತ್ತು’ ಎಂದಳು. ನನಗೂ ಹಾಗೆಯೇ ಅನ್ನಿಸುತ್ತದೆ. ನನ್ನ ಮತ ಜನುಮದ ಜೋಡಿಗೆ. ಕಥೆ ಗುಜರಾತಿ ಕಾದಂಬರಿಯದಾದರೂ ನಾಗಾಭರಣ ಅವರು ಅದನ್ನು ನಮ್ಮ ಮಣ್ಣಿನ ಕಥೆ ಮಾಡಿದರು.

ವಾಡಿ ಜಂಕ್ಷನ್:
ಅಕ್ಕಾ, ಆ ದೃಶ್ಯ ನಮ್ಮ ಆಪರೇಟರ್ ಕಾಕಾ ಕತ್ತರಿಸಿದ್ದರಲ್ಲಿ ಹೋಗಿರಬಹುದು.

ಹಳೇ ಆಪರೇಟರ್:
ನಾನು ಕತ್ತರಿಸಿಲ್ಲ ಎಂದು ಈಗತಾನೆ ಬರೆದಿದ್ದೇನೆ.

ಸೇಡಂ ಕಲ್ಲು:
‘ನಮ್ಮ ಮಣ್ಣು’ ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ಅದರ ಜನಪದ ಹಾಡುಗಳು ಚಾಮರಾಜನಗರದ ಕಡೆಯ ಮಾದೇಶ್ವರನ ಪರಂಪರೆಯವು. ಜಂಗಮ ಎಂಬ ಪದ ಕೇಳಿ ನಾವು ನಮ್ಮದೆಂದುಕೊಂಡೆವು, ಅಷ್ಟೆ. ತೊಂಬತ್ತರ ದಶಕದ ಕನ್ನಡ ಸಿನಿಮಾದಲ್ಲಿ ನಮ್ಮ ಮಾತು ಎಲ್ಲಿತ್ತು? ‘ಬರ್ಲತ್ತೀನಿ, ಹೋಗ್ಲತ್ತೀನಿ’ ಎಂದು ಯಾರಾದರೂ ಪರದೆಯ ಮೇಲೆ ಅಂದರೆ ಅವನು ಆಳುಮಗನೋ, ಪೆದ್ದನೋ ಆಗಿರುತ್ತಿದ್ದ. ನಾಯಕ ಮಾತ್ರ ಮೈಸೂರಿನ ಕನ್ನಡವನ್ನೇ ಆಡುತ್ತಿದ್ದ. ನಮ್ಮ ಟೆಂಟಿನಲ್ಲಿ ಕುಳಿತು ನಮ್ಮದೇ ಮಾತಿಗೆ ನಾವೇ ನಗುತ್ತಿದ್ದೆವು ಎಂಬುದನ್ನು ನೆನೆದರೆ ಈಗ ಸಂಕಟವಾಗುತ್ತದೆ.

ನಿವೃತ್ತ ಮೇಷ್ಟ್ರು:
ನಿಮ್ಮ ಮಾತು ಬಹುಪಾಲು ಸರಿ. ಆದರೆ 1990ರ ಸಂತ ಶಿಶುನಾಳ ಶರೀಫ ಮತ್ತು 1997ರ ನಾಗಮಂಡಲವನ್ನು ಮರೆಯಬೇಡಿ. ಎರಡೂ ನಾಗಾಭರಣ ಅವರವು, ಎರಡಕ್ಕೂ ಸಿ. ಅಶ್ವತ್ಥ್ ಅವರ ಸಂಗೀತ. ಎರಡರಲ್ಲಿಯೂ ಉತ್ತರ ಕರ್ನಾಟಕದ ಮಾತು ನಗೆಗಾಗಿ ಬಂದದ್ದಲ್ಲ.

ಸೇಡಂ ಕಲ್ಲು:
ಅದು ಧಾರವಾಡದ ಕಡೆಯ ಮಾತು ಸರ್, ಕಲಬುರಗಿಯದಲ್ಲ. ಶಿಶುನಾಳ ನಮ್ಮಿಂದ ಒಂದು ಇಡೀ ರಾತ್ರಿಯ ಬಸ್ ಪ್ರಯಾಣ. ಬೆಂಗಳೂರಿನವರು ಬಳ್ಳಾರಿಯಿಂದಾಚೆಗೆ ಇರುವುದನ್ನೆಲ್ಲ ಒಂದೇ ಗೋಣಿಚೀಲಕ್ಕೆ ಹಾಕುತ್ತಾರೆ, ನೀವೂ ಹಾಗೆ ಮಾಡಬಾರದು.

ಭಾಲ್ಕಿ ಬಸ್‌ಸ್ಟ್ಯಾಂಡ್:
ನಮ್ಮ ಜಿಲ್ಲೆಯ ವೈಜನಾಥ ಬಿರಾದಾರ್ ಅವರ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಭಿಕ್ಷುಕನಾಗಿ, ಕುಡುಕನಾಗಿ ಎರಡು ನಿಮಿಷ ಬಂದು ಹೋಗುತ್ತಿದ್ದರು. ಅವರು ಬಂದರೆ ನಮ್ಮ ಕಡೆ ನಾಯಕನಿಗಿಂತ ಜೋರಾಗಿ ಸೀಟಿ ಬೀಳುತ್ತಿತ್ತು. ಅದೇ ಬಿರಾದಾರರನ್ನು ಗಿರೀಶ ಕಾಸರವಳ್ಳಿಯವರು 2010ರ ಕನಸೆಂಬ ಕುದುರೆಯನೇರಿ ಚಿತ್ರದಲ್ಲಿ ಮುಖ್ಯಪಾತ್ರಕ್ಕೆ ನಿಲ್ಲಿಸಿದರು, ಸ್ಪೇನ್ ದೇಶದ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಎಂಬ ಪ್ರಶಸ್ತಿಯೂ ಬಂತು. ಎರಡು ನಿಮಿಷದ ಪಾತ್ರಗಳಲ್ಲಿ ಅವರನ್ನು ಸವೆಸಿದ ತೊಂಬತ್ತರ ದಶಕದ ಬಗ್ಗೆ ನನಗೆ ಅಷ್ಟೇನೂ ವ್ಯಾಮೋಹವಿಲ್ಲ.

ಭೀಮಾದಂಡೆ:
ಎಲ್ಲರ ಮಾತೂ ಒಪ್ಪಿಗೆ, ಆದರೆ ಸಿನಿಮಾ ಇನ್ನೂ ಆರಿಸಿಲ್ಲ. ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಹಳ್ಳಿಮೇಷ್ಟ್ರು ಎನ್ನುತ್ತಿದ್ದಾರೆ. ಊರಿನ ಟೆಂಟಿನಲ್ಲಿ ಅದು ಹದಿನೇಳು ದಿನ ಓಡಿತ್ತು. ಅಷ್ಟು ದಿನ ಬೇರೆ ಯಾವುದೂ ಓಡಿರಲಿಲ್ಲ.

ಯಾದಗಿರಿ ಗುಡ್ಡ:
ನಿಮ್ಮ ಗುರುಗಳೆಲ್ಲ ಅತಿಥಿಗಳಾಗಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನುಗ್ಗೆಕಾಯಿಯ ಪ್ರಸಂಗ ಬಂದಾಗ ಎಲ್ಲಿ ನೋಡುತ್ತೀರಿ?

ನಿವೃತ್ತ ಮೇಷ್ಟ್ರು:
ಗುರುಗಳು ಮುಂದೆ ಕೂತಿರುವುದರಿಂದ ಅವರ ಮುಖ ಶಿಷ್ಯರಿಗೆ ಕಾಣುವುದಿಲ್ಲ. ನಾವು ನಿಶ್ಚಿಂತೆಯಿಂದ ನಗುತ್ತೇವೆ.

ಆಳಂದದ ಹಾದಿ:
ಎರಡು ದಿನದಿಂದ ಓದುತ್ತಿದ್ದೆ, ಬರೆಯಬೇಕೋ ಬೇಡವೋ ಎಂದು ಸುಮ್ಮನಿದ್ದೆ.

ಆಳಂದ ತಾಲ್ಲೂಕಿನಲ್ಲಿ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಂತಿರುವ ಊರು ನಮ್ಮದು. 1993ರ ಸೆಪ್ಟೆಂಬರ್ 29ರಂದು ಅನಂತ ಚತುರ್ದಶಿ, ಗಣಪತಿಯನ್ನು ಕಳುಹಿಸುವ ದಿನ. ಗಣಪತಿ ಕಳುಹಿಸಿ ಬಂದು, ಉಮರ್ಗಾದಿಂದ ಬಾಡಿಗೆಗೆ ತಂದಿದ್ದ ಟಿವಿ ಮತ್ತು ವಿಸಿಆರ್ ಅನ್ನು ನಮ್ಮ ಮನೆಯ ಗೋಡೆಗೆ ಆನಿಸಿ ಮೇಜಿನ ಮೇಲೆ ಇಟ್ಟಿದ್ದೆವು. ಮೊದಲು ಒಂದು ಹಿಂದಿ ಕ್ಯಾಸೆಟ್, ಅದಾದ ಮೇಲೆ ಹಳ್ಳಿಮೇಷ್ಟ್ರು. ನನಗೆ ಆಗ ಹನ್ನೊಂದು ವರ್ಷ. ನಿದ್ದೆ ಬಂದ ಮುದುಕರು, ಕೂಸುಗಳು ಒಳಗೆ ಹೋಗಿದ್ದರು, ನಾವು ಮೂವತ್ತು ನಲವತ್ತು ಜನ ಅಂಗಳದಲ್ಲಿ ಚಾಪೆಯ ಮೇಲೆ ಕುಳಿತಿದ್ದೆವು. ಬೆಳಗಿನ ನಾಲ್ಕು ಗಂಟೆಗೆ ನಾಲ್ಕು ನಿಮಿಷ ಇರುವಾಗ ಮೊದಲು ಟಿವಿಯ ಚಿತ್ರ ಅಲುಗಿತು. ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತೆಂದು ಯಾರೋ ‘ಹೆಡ್ ಒರಸರೋ’ ಎಂದರು. ಆಮೇಲೆ ನೆಲದ ಕೆಳಗೆ ಲಾರಿ ಹೋದಂತೆ ಸದ್ದಾಯಿತು, ಟಿವಿಯ ಮೇಲೆ ಗೋಡೆ ಬಿತ್ತು.

ಒಳಗೆ ಮಲಗಿದ್ದ ನಮ್ಮ ಆಯಿಯನ್ನು ತೊಲೆಯೊಂದು ಕಾಯ್ದಿತ್ತು. ಕೈ ಮುರಿದರೂ ಬದುಕಿದಳು. ಸಾಸ್ತೂರಿನ ಕಡೆಗೆ ಕೊಟ್ಟಿದ್ದ ನಮ್ಮ ಸೋದರತ್ತೆ, ಅವರ ಇಬ್ಬರು ಮಕ್ಕಳು ಉಳಿಯಲಿಲ್ಲ. ಭೂಕಂಪಕ್ಕೆ ಸಿಕ್ಕಿ ಹಾಳಾದ ಕಿಲ್ಲಾರಿಯ ಕಡೆಯ ಸುದ್ದಿ ನಮಗೆ ತಿಳಿದದ್ದು ಮಧ್ಯಾಹ್ನ. ಮುಂದಿನ ಒಂದೂವರೆ ತಿಂಗಳು ನಾವು ಹೊಲದಲ್ಲಿ ತಾಡಪತ್ರಿಯ ಕೆಳಗೆ ಮಲಗಿದೆವು. ವಿಸಿಆರ್‌ನ ಮಾಲೀಕ ದೀಪಾವಳಿಯ ಹೊತ್ತಿಗೆ ಬಂದ. ಬಾಡಿಗೆ ಕೇಳಲಿಲ್ಲ, ಹಾಳಾದ ಸಾಮಾನಿನ ದುಡ್ಡೂ ಕೇಳಲಿಲ್ಲ. ಕ್ಯಾಸೆಟ್ ಒಳಗೆ ಉಳಿದಿದೆಯೋ ಎಂದಷ್ಟೇ ಕೇಳಿ, ಮಣ್ಣು ಕೊಡವಿ, ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ.

ಆ ಸಿನಿಮಾದ ಇನ್ನೂ ಅರ್ಧ ಗಂಟೆ ಬಾಕಿ ಇತ್ತು. ಟಿವಿಯಲ್ಲಿ ಎಷ್ಟೋ ಸಲ ಬಂದಿದೆ, ಮೊಬೈಲಿನಲ್ಲಿಯೂ ಸಿಗುತ್ತದೆ. ಆ ಜಾಗ ಬರುತ್ತಿದ್ದಂತೆ ಎದ್ದುಬಿಡುತ್ತೇನೆ.

ಸುರಪುರದ ಸೊಸೆ:
ಅಣ್ಣಾ, ಓದಿ ಕೈ ಆಡಲಿಲ್ಲ.

ಗಂಜ್ ಗಲ್ಲಿ:
ಆ ಬೆಳಗಿನ ಜಾವ ಕಲಬುರಗಿಯಲ್ಲಿಯೂ ಎಲ್ಲರೂ ಬೀದಿಗೆ ಬಂದಿದ್ದೆವು. ನಮಗೆ ಪಾತ್ರೆ ಅಲುಗಿದ್ದಷ್ಟೇ. ಓಂ ಬಗ್ಗೆ ಇನ್ನು ನಾನು ವಾದ ಮಾಡುವುದಿಲ್ಲ.

ಭೀಮಾದಂಡೆ:
ಆಳಂದದ ಅಣ್ಣಾರೆ, ನಿಮ್ಮ ಮಾತನ್ನು ನಮ್ಮ ಬ್ಯಾಚಿನವರಿಗೆಲ್ಲ ಓದಿ ಹೇಳಿದೆ. ಹಳ್ಳಿಮೇಷ್ಟ್ರು ಬೇಡ, ಜೀವನಚೈತ್ರ ಹಾಕೋಣವೆಂದು ನಾಲ್ಕೈದು ಜನ ಹೇಳಿದರು. ನಿಮಗೆ ಮನಸ್ಸಿದ್ದರೆ ನಮ್ಮ ಊರಿಗೇ ಬಂದು ನೋಡಿ ಎಂದು ಕರೆಯೋಣವೆಂದು ಇನ್ನು ಕೆಲವರು ಹೇಳಿದರು. ಸುತ್ತಲೂ ಗೋಡೆಯಿಲ್ಲದ ಬಯಲು. ನೀವು ಹೇಗೆ ಹೇಳಿದರೆ ಹಾಗೆ.

ವಾಡಿ ಜಂಕ್ಷನ್:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಯಾವ ಚಿತ್ರವಾದರೂ ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಒಪ್ಪಿಗೆ ಬೇಕು, ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇಕು. ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಿಸಬೇಕಾಗುವುದರಿಂದ ಏಳು ಗಂಟೆಗೇ ಶುರುಮಾಡಿ.

ಹಳೇ ಆಪರೇಟರ್:
ಪರದೆಯನ್ನು ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿ ಕಟ್ಟಬೇಡಿ, ಆ ತಿಂಗಳಲ್ಲಿ ಮೂಡಗಾಳಿ ಇರುತ್ತದೆ. ಅಂಚಿಗೆ ಇಟ್ಟಿಗೆ ಕಟ್ಟಿ ಬಿಗಿಯಾಗಿ ಎಳೆಯಿರಿ. ಕರೆದರೆ ನಾನೇ ಬಂದು ನಡೆಸಿಕೊಡುತ್ತೇನೆ. ಈಗಿನ ಯಂತ್ರದಲ್ಲಿ ಕೆಲಸವೇನೂ ಇರುವುದಿಲ್ಲ, ಆದರೂ ಪಕ್ಕದಲ್ಲಿ ನಿಲ್ಲಲು ಒಬ್ಬ ಬೇಕು.

ಯಾದಗಿರಿ ಗುಡ್ಡ:
ಕಾಕಾ, ಅಂದು ಬೈಯಲು ನಾನೂ ಬರುತ್ತೇನೆ.

ಆಳಂದದ ಹಾದಿ:
ಹಳ್ಳಿಮೇಷ್ಟ್ರನ್ನೇ ಹಾಕಿರಿ. ಬರುತ್ತೇನೆ, ಆಯಿಯನ್ನೂ ಕರೆತರುತ್ತೇನೆ. ಅವಳಿಗೆ ಈಗ ತೊಂಬತ್ತೊಂದು, ಕಿವಿ ಕೇಳಿಸುವುದಿಲ್ಲ, ಆದರೆ ಕಥೆಯ ಕೊನೆ ಏನಾಯಿತೆಂದು ದಾರಿಯುದ್ದಕ್ಕೂ ನನ್ನನ್ನು ಕೇಳುತ್ತಾಳೆ. ನಮಗೆ ಹಿಂದಿನ ಸಾಲಿನಲ್ಲಿ, ಚಕ್ಕಡಿಯ ಪಕ್ಕ ಜಾಗ ಹಿಡಿದಿಡಿ.